ಹಳೆ ಧಣಿಯ ಮಾತು

ಕೆಲಸ ಬಿಡುತ್ತೇನೆಂದು ಆಕೆ ಕೈಮುಗಿದು ಹೇಳಿದಾಗ ಸೀರೆ ಅಂಗಡಿಯ ಧಣಿ ಕೆಂಡವಾದ.

“ಉಂಡ ಮನೆಗೆ ಎರಡು ಬಗೀತೀಯಾ?”

“ಹೊಸಬರಿಗೆ ಕೆಲಸ ಕಲಿಸಿಯೇ ಹೋಗ್ತೀನಿ ಸಾರ್. ಮುಂದಿನ ಬೀದಿಯ ಅಂಗಡಿಯವರು ಕೇಳಿದರೆ ಒಂದು ಒಳ್ಳೆ ಮಾತು ಹೇಳಿ. ಹಳೆ ಧಣೀನ ವಿಚಾರಿಸದೆ ಈ ಪೇಟೆಯಲ್ಲಿ ಯಾರೂ ಕೆಲಸ ಕೊಡಲ್ಲ.”

ಸಂಜೆ ಫೋನ್ ಬಂತು. ಆತ ಅವಳೆದುರೇ ಕೂಗಿದ: “ಸೋಮಾರಿ, ಬಾಯಿಬಡುಕಿ! ಒಂದು ಸೀರೆ ನೆಟ್ಟಗೆ ಮಡಚೋಕೆ ಬರಲ್ಲ. ಇವಳನ್ನ ಇಟ್ಕೊಂಡ್ರೆ ನಿಮ್ಮ ಅಂಗಡಿ ಮುಳುಗುತ್ತೆ!”

ಆಕೆ ಕಣ್ಣೊರೆಸಿಕೊಂಡು ಮುಂದಿನ ಬೀದಿಗೆ ಹೋದಳು. “ತೊಂದರೆ ಕೊಟ್ಟೆ, ಕ್ಷಮಿಸಿ” ಎಂದು ಆ ಅಂಗಡಿಯ ಮಾಲೀಕರ ಮುಂದೆ ತಲೆತಗ್ಗಿಸಿದಳು.

“ಯಾಕಮ್ಮ? ನಾಳೆಯಿಂದಲೇ ಬಾ” ಎಂದರು ಅವರು. “ಹೋದ ವರ್ಷ ಅವನು ಬಾಯ್ತುಂಬ ಹೊಗಳಿ ಕಳಿಸಿದ ಆಸಾಮಿಯಿಂದಲೇ ನಾನಿನ್ನೂ ಸುಧಾರಿಸಿಕೊಂಡಿಲ್ಲ.”