ಅಪ್ಪನಿಗೆ ಬಂದ ಕರೆ

“ಗಾಡಿ ಬಂದದ್ದು ಎಡಗಡೆಯಿಂದ. ನಾನು ಆಗ—” ಎಂಬಲ್ಲಿಗೆ ಸಾಕ್ಷಿಯ ದನಿ ಆಕೆಯ ಕಿವಿಯಲ್ಲಿ ಕಡಿದುಹೋಯಿತು. ನ್ಯಾಯಾಲಯದ ಧ್ವನಿಮುದ್ರಿಕೆಗಳನ್ನು ಕೇಳಿ ಅಕ್ಷರಕ್ಕಿಳಿಸುವುದು ಆಕೆಯ ಕೆಲಸ. ಮಧ್ಯಾಹ್ನದೊಳಗೆ ನಲವತ್ತು ಪುಟ ಮುಗಿಯಬೇಕಿತ್ತು. ಬೆಳಗಿನಿಂದ ಹೀಗಾಗುತ್ತಿರುವುದು ಇದು ನಾಲ್ಕನೇ ಸಲ.

“ರೀ, ಮತ್ತೆ ನಿಮ್ಮ ಫೋನಿಗೆ ಹಾರ್ತು ನೋಡಿ ಇದು! ಆ ಬ್ಲೂಟೂತ್ ಆರಿಸಿಡಿ ಅಂತ ಎಷ್ಟು ಸಲ ಬಡ್ಕೋಬೇಕು?”

“ಆರಿಸಿದ್ದೆ ಕಣೇ. ಅದೇ ಹತ್ಕೊಂಡಿರ್ಬೇಕು,” ಎಂದರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮೇಷ್ಟ್ರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಗಂಡ. ಹೋದ ವಾರ ಕ್ರಿಕೆಟ್ ಕಾಮೆಂಟರಿ ಕೇಳಲೆಂದು ಆಕೆಯ ಇಯರ್‌ಬಡ್ ತೆಗೆದುಕೊಂಡು ತಮ್ಮ ಫೋನಿಗೂ ಜೋಡಿಸಿಕೊಂಡಿದ್ದರು. ಅಂದಿನಿಂದ ಹುಣಸೆ ಬೀಜದಷ್ಟಿದ್ದ ಆ ಜೋಡಿಗೆ ಇಬ್ಬರು ಯಜಮಾನರು. ಕಂಪ್ಯೂಟರಿಗೆ ಕೂಡಿಸಿದರೆ ಫೋನಿಗೆ ಓಡುತ್ತಿತ್ತು. ಬಿಡಿಸಿ, ಡಬ್ಬಿಯಲ್ಲಿಟ್ಟು ಮುಚ್ಚಿ, ಮತ್ತೆ ತೆರೆದು, ಗುಂಡಿ ಅದುಮಿ ಹಿಡಿದು ಕಾದರೆ ಒಂದು ಕಿವಿ ಮಾತ್ರ ಮರಳಿ ಬರುತ್ತಿತ್ತು.

ಹೇಗೋ ಎರಡನ್ನೂ ಕೂಡಿಸಿ ಆಕೆ ಸಾಕ್ಷಿಯನ್ನು ಮೊದಲಿನಿಂದ ಮಾತಾಡಿಸಿದಳೋ ಇಲ್ಲವೋ, ಬಾಲ್ಕನಿಯಲ್ಲಿ ಫೋನು ರಿಂಗಾಯಿತು, ಮೇಷ್ಟ್ರು ಎತ್ತಿಕೊಂಡರು. ಸಾಕ್ಷಿ ಮತ್ತೆ ಮಾಯ. ಆ ಜಾಗದಲ್ಲಿ ಬೇರೊಂದು ದನಿ, ಎರಡೂ ಕಿವಿ ತುಂಬ.

“ಅಪ್ಪಾ?”

ಕೀಲಿಮಣೆಯ ಮೇಲೆ ಬೆರಳುಗಳು ನಿಂತವು. ಆರು ವರ್ಷವಾಗಿತ್ತು ಆ ದನಿ ಕೇಳಿ. ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ಬಂದ ಮಗಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ‘ಹೊಂದ್ಕೊಂಡು ಹೋಗೋದು ಕಲಿ’ ಎಂದು ಬಾಗಿಲು ಹಾಕಿದವಳು ಆಕೆಯೇ. ಮಗಳು ಅಲ್ಲಿಗೂ ಹೋಗಲಿಲ್ಲ, ಇಲ್ಲಿಗೂ ಮತ್ತೆ ಬರಲಿಲ್ಲ. ಆಮೇಲೆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಮೇಷ್ಟ್ರಾದರೂ ಎತ್ತಲಿ ಎಂದು ಆಕೆ ಎಷ್ಟೋ ದಿನ ಕಾದಿದ್ದಳು.

“ಯಾಕೆ ಮಾತಾಡ್ತಿಲ್ಲ? ಅಮ್ಮ ಪಕ್ಕದಲ್ಲಿದ್ದಾಳಾ? ಸರಿ, ನೀನು ಸುಮ್ನಿರು, ನಾನೇ ಹೇಳ್ತೀನಿ.”

“ಹಲೋ... ಹಲೋ... ಏನೂ ಕೇಳಿಸ್ತಿಲ್ಲವಲ್ಲ,” ಎಂದು ಬಾಲ್ಕನಿಯಲ್ಲಿ ಮೇಷ್ಟ್ರು ಗೊಣಗುತ್ತಿದ್ದರು.

“ಶುಕ್ರವಾರ ಬೆಳಿಗ್ಗೆ ಆಪರೇಷನ್ ಇಟ್ಕೊಂಡಿದ್ದಾರೆ ಅಪ್ಪಾ. ಹೊಟ್ಟೇಲಿ ಗಡ್ಡೆ. ದೊಡ್ಡದೇನಲ್ಲ ಅಂತಾರೆ. ಮನೆಯವರು ಯಾರಾದ್ರೂ ಬಂದು ಸಹಿ ಹಾಕ್ಬೇಕಂತೆ. ನೀನು ಒಂದು ಗಂಟೆ ಮಟ್ಟಿಗೆ ಬಂದು ಹೋದ್ರೆ ಸಾಕು. ಅಮ್ಮನಿಗೆ ಪೆನ್ಶನ್ ಆಫೀಸು ಅಂತ ಏನಾದ್ರೂ ಹೇಳು.”

ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಪಳಗಿದ ಕಿವಿ ಅದು. ಮಗಳು ಉಗುಳು ನುಂಗಿದ್ದೂ ತಿಳಿಯಿತು.

“ಅಮ್ಮನ ಮಂಡಿ ನೋವು ಹೇಗಿದೆ? ಆ ಪಟ್ಟಿ ಹಾಕ್ಕೋತಾಳಾ? ನಾನು ಕಳಿಸಿದ್ದು ಅಂತ ಬಾಯಿ ಬಿಡಬೇಡ ಮತ್ತೆ, ಬಿಚ್ಚಿ ಎಸೆದುಬಿಡ್ತಾಳೆ.”

ಆಕೆಯ ಕೈ ತಾನಾಗಿ ಮೊಣಕಾಲಿಗೆ ಹೋಯಿತು. ಬೂದು ಬಣ್ಣದ ಪಟ್ಟಿ ಅಲ್ಲೇ ಇತ್ತು, ಬೆಚ್ಚಗೆ. ‘ಔಷಧಿ ಅಂಗಡಿಯವನು ಇದೇ ಒಳ್ಳೇದು ಅಂದ’ ಎನ್ನುತ್ತಾ ಮೇಷ್ಟ್ರು ತಂದುಕೊಟ್ಟದ್ದು.

“ಬರ್ತೀಯ ತಾನೇ ಅಪ್ಪಾ? ಹೂಂ ಅನ್ನು ಸಾಕು.”

ಆರು ವರ್ಷ ಮನಸ್ಸಿನೊಳಗೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಹೂಂ,” ಎಂದಳು. “ನಾನು ಬರ್ತೀನಿ ಪುಟ್ಟೀ.”



ಫೋನನ್ನು ಅಂಗೈಗೆ ಬಡಿಯುತ್ತಾ ಮೇಷ್ಟ್ರು ಒಳಗೆ ಬಂದರು. ಹೆಂಡತಿಯ ಮುಖ ನೋಡಿದರು. ಆಕೆಯ ಕಿವಿ ನೋಡಿದರು. ತಮ್ಮ ಫೋನಿನ ಮೇಲಿದ್ದ ಹೆಸರು ನೋಡಿದರು. ಅವರ ಮುಖದ ಬಣ್ಣ ಇಳಿದುಹೋಯಿತು. ಬೆರಳು ಗಾಬರಿಯಿಂದ ಕೆಂಪು ಗುಂಡಿಯತ್ತ ಹೊರಟಿತು.

ಆಕೆ ಎದ್ದು ಎರಡೂ ಕೈಗಳಿಂದ ಅವರ ಮಣಿಕಟ್ಟು ಹಿಡಿದಳು.

“ಮುಟ್ಟಬೇಡಿ ರೀ,” ಎಂದಳು ಪಿಸುದನಿಯಲ್ಲಿ. “ಅಳ್ತಿದ್ದಾಳೆ. ಕೇಳಿಸ್ಕೋತೀನಿ.”