ಅತ್ತೆಗೆಂದು ಹೂಡಿದ ಕಂಬಳಿ

ಹುಣಸೆಬೀಜದ ಗಂಜಿ ಕುದಿಯುವ ವಾಸನೆ ಬಂದರೆ ಈಗಲೂ ಶಹಾಪುರದ ನಮ್ಮ ಅಂಗಳ ಕಣ್ಣಮುಂದೆ ಬರುತ್ತದೆ.

ನಿಜಾಮನ ಆಳ್ವಿಕೆ ಮುಗಿದ ಹೊಸತು. ಸೋದರತ್ತೆ ಗಾಯಾಳುಗಳನ್ನು ಸಾಗಿಸುವ ಮಿಲಿಟರಿ ವಿಮಾನದಲ್ಲಿ ನರ್ಸ್ ಆಗಿದ್ದಳು. ನಮ್ಮ ಸೀಮೆಯಿಂದ ಆ ಕೆಲಸಕ್ಕೆ ಹೋದ ಮೊದಲ ಹೆಣ್ಣು. ರಜೆಗೆ ಬಂದಾಗ, "ಮ್ಯಾಲ ಭಾಳ ಥಂಡಿ ಇರ್ತದವ್ವಾ" ಅಂದಿದ್ದಳು. ಅಜ್ಜಿ ಅಂದಿನಿಂದಲೇ ಅವಳಿಗೊಂದು ಕಂಬಳಿಗೆ ಕರಿಕುರಿಯ ಉಣ್ಣೆ ನೂಲತೊಡಗಿದಳು.

ಆ ಮಧ್ಯಾಹ್ನ ಅಜ್ಜಿ ಅಂಗಳದಲ್ಲಿ ನೂಲು ಹಾಸಿ, ನೇಯುವ ಮುಂಚೆ ಎಳೆ ಗಟ್ಟಿಯಾಗಲೆಂದು ಗಂಜಿ ಸವರುತ್ತಿದ್ದಳು. ಗಡಿಗೆ ಹಿಡಿದವಳು ನಾನು. ಅಪ್ಪ ಅಂಚೆಯಲ್ಲಿ ಬಂದ ತಾರಿನ ಕಾಗದ ಹಿಡಿದು ಬಂದ.

"ಯವ್ವಾ, ವಿಮಾನ ಬಿದ್ದದ. ಅಕ್ಕ ಹೋದ್ಳು."

ಅಜ್ಜಿಯ ಕೈ ನಿಲ್ಲಲಿಲ್ಲ. ಸವರುವಾಗ ನಡುವೆ ಬಿಟ್ಟರೆ ನೂಲು ಒಂದಕ್ಕೊಂದು ಅಂಟುತ್ತದೆ. ಕೊನೆಯ ಎಳೆ ಮುಗಿಸಿ, ಗಂಜಿಗೈಯಲ್ಲೇ ಅಪ್ಪನ ತೋಳು ಹಿಡಿದಳು.

"ಕಂಬಳಿ ನಾನೇ ತಡಾ ಮಾಡಿದ್ನಲ್ಲೋ."