ರಿಮೋಟ್ ಯಾರ ಕೈಯಲ್ಲಿ

"ಟಿವಿಗೆ ಹಚ್ಚೂದೋ, ಕೈಯಾಗ ಹಿಡಿಯೂದೋ? ಸಂಜೀಕ ಆರ್ಡರ್ ಹೇಳಬೇಕು," ಎಂದು ಆರೀಫ ಎರಡು ವಿಡಿಯೋ ಗೇಮ್‌ಗಳನ್ನು ಕೌಂಟರಿನ ಮೇಲಿಟ್ಟ. ಒಂದು ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ. ಇನ್ನೊಂದು ತನ್ನದೇ ಪರದೆಯಿದ್ದ ಅಂಗೈಯಗಲದ್ದು. ಗೋಕಾಕದ ಬಸ್ ನಿಲ್ದಾಣದೆದುರಿನ ಅವನ ಮೊಬೈಲ್ ಅಂಗಡಿಯಲ್ಲಿ ಎರಡನ್ನೂ ತುಂಬುವಷ್ಟು ಜಾಗವಿರಲಿಲ್ಲ.

ಅರಭಾವಿಯಲ್ಲಿ ತೋಟಗಾರಿಕೆ ಓದುತ್ತಿದ್ದ ಓಂಕಾರ ಬಸ್ಸಿಗೆ ಕಾಯುತ್ತ ಅಲ್ಲೇ ನಿಂತಿದ್ದ. ಮೊಬೈಲಿನಲ್ಲಿ ವಿಡಿಯೋ ಗೇಮ್ ಮಾರಾಟದ ಒಂದು ಗ್ರಾಫ್ ತೆಗೆದು ತೋರಿಸಿದ. "ಗೆರಿ ಹೆಂಗ ಮ್ಯಾಲ ಹೊಂಟೈತಿ ನೋಡ್ರಿ ಆರೀಫಣ್ಣ. ಟಿವಿಗೆ ಹಚ್ಚೂದ ಗೆಲ್ಲತೈತಿ. ಹೂವು ನೋಡಿ ಮಾವಿನ ಫಸಲು ಹೇಳಾಂವ ನಾನು!"

"ಹೋದ ವರ್ಷ ನಿಮ್ಮನಿ ಗಿಡಕ್ಕ ಸಾವಿರ ಕಾಯಿ ಅಂದಿದ್ದಿ. ಮೂರ ಬಿಟ್ಟಿದ್ವಲ್ಲೋ?"

"ಮಂಗ್ಯಾಗೋಳನ್ನ ಲೆಕ್ಕಕ್ಕ ಹಿಡಿದಿರಲಿಲ್ರಿ."

ಆರೀಫ ನಕ್ಕರೂ ಗೆರೆಯನ್ನು ನಂಬಿದ. "ಸಾಹಿರಾ, ಆಡಿ ತೋರಸಾಕ ಒಂದ ಟಿವಿ ಇಡಬೇಕು. ನಿನ್ನ ಮೂಲಿ ಖಾಲಿ ಮಾಡು. ಹೊರಗ ಕಟ್ಟಿ ಮ್ಯಾಲೆ ಕುಂದ್ರು."

ಫ್ಯಾನಿನ ಕೆಳಗೆ ಸ್ಟೂಲಿನ ಮೇಲೆ ಕುಳಿತು ಯಾರದೋ ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದ ಸಾಹಿರಾಳ ಬೆರಳು ನಿಂತಿತು. ಹೊರಗೆ ಬಸ್ಸುಗಳ ಧೂಳು. ಒಂದು ಕಣ ಒಳಗೆ ಸಿಕ್ಕರೂ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಗಿರಾಕಿ ಬರದಿದ್ದರೆ ಅವಳಿಗೆ ಅಲ್ಲಿ ಕೆಲಸವಿರುವುದಿಲ್ಲ. ಏಳನೆಯ ತರಗತಿಗೇ ಶಾಲೆ ಬಿಟ್ಟ ಅವಳು ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ. ಇಂದು ತಲೆ ಎತ್ತದೆಯೇ ಕೇಳಿದಳು.

"ಭಾಯಿ, ಟಿವಿ ರಿಮೋಟ್ ಕೆಟ್ರ ನಮ್ಮ ಅಂಗಡಿಗೆ ಯಾರ ಬರ್ತಾರ್ರಿ? ಹುಡುಗೂರು ಒಬ್ರೂ ಬಂದಿಲ್ಲ. ಎಲ್ಲಾ ವಯಸ್ಸಾದ ಆಯಿಗೋಳ ಬರ್ತಾರ."

"ಮೂಲಿ ಉಳಿಸ್ಕೊಳ್ಳಾಕ ಹೇಳಾಕತ್ತಾಳ್ರಿ!" ಎಂದ ಓಂಕಾರ. ಅದು ಅರ್ಧ ನಿಜವೂ ಆಗಿದ್ದರಿಂದ ಸಾಹಿರಾಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಮಮದಾಪುರದ ಕೆಂಪವ್ವ ಮೆಟ್ಟಿಲೇರಿ ಬಂದು, ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ರಿಮೋಟನ್ನು ಕೌಂಟರಿಗೆ ಕುಕ್ಕಿದಳು. "ಲಗೂ ನೋಡೋ ಆರೀಫಾ, ಸೀರಿಯಲ್ ಹೊತ್ತಾತು."

"ನೋಡತೇನಿ ಆಯಿ. ಮೊಮ್ಮಗಗ ಇದನ್ನ ಒಯ್ಯಿ. ಟಿವಿಗೆ ಹಚ್ಚಿ ಆಡೂದು."

"ಅಂವ ಆಡೂಮುಂದ ನಾ ಏನ ಗ್ವಾಡಿ ನೋಡ್ಲೇನು?" ಕೆಂಪವ್ವ ಪೆಟ್ಟಿಗೆಯನ್ನು ಒಂದೇ ಬೆರಳಿನಿಂದ ಆಚೆ ಸರಿಸಿದಳು. "ಈ ಸಣ್ಣದಕ್ಕ ಟಿವಿ ಬೇಕೇನು?"

"ಬ್ಯಾಡ."

"ಹಂಗಾರ ಇದನ್ನ ಕೊಡು. ಮಾಲಿಂಗ ಮೂಲ್ಯಾಗ ಸುಮ್ಕ ಕುಂದರ್ಲಿ."

ಓಂಕಾರ ಮೊಬೈಲನ್ನು ಜೇಬಿಗಿಳಿಸಿದ. ಆರೀಫ ಸಂಜೆ ಸಣ್ಣದನ್ನೇ ಆರ್ಡರ್ ಹೇಳಿದ. ತುಕ್ಕಾನಟ್ಟಿ, ಹುಕ್ಕೇರಿ ಕಡೆಯ ಅಜ್ಜಿಯರೂ ಬಂದು ಒಯ್ದರು. ಹದಿನೈದು ದಿನಕ್ಕೆ ಮಾಲು ಖಾಲಿ. ಸಾಹಿರಾಳ ಮೂಲೆ ಉಳಿಯಿತು, ಫ್ಯಾನೂ ಉಳಿಯಿತು.

ಮೂರನೆಯ ವಾರ ಕೆಂಪವ್ವ ಮತ್ತೆ ಬಂದಳು. ಸೊಂಟದ ಸಂಚಿಯಿಂದ ತೆಗೆದ ಗೇಮಿಗೂ ಪ್ಲಾಸ್ಟಿಕ್, ಅದಕ್ಕೂ ರಬ್ಬರ್ ಬ್ಯಾಂಡ್. "ಇದರ ಚಾರ್ಜ ಎರಡ ತಾಸಿಗೆ ಮುಗೀತೈತಿ ನೋಡೋ."

"ಈ ವಾರ ನೀ ನಾಲ್ಕನೇ ಆಯಿ," ಎಂದ ಆರೀಫ. "ಮಾಲಿಂಗ ಕೆಳಗ ಇಡವಲ್ಲೇನು?"

"ಅವನ ಕೈಯಾಗ ಎಲ್ಲಿ ಕೊಟ್ಟೇನಿ? ಕೆಡಸ್ತಾನ. ಪರೀಕ್ಷಾ ಮುಗೀಲಿ ಅಂದೇನಿ."

ಸಾಹಿರಾ ಗೇಮನ್ನು ಕೈಗೆ ತೆಗೆದುಕೊಂಡು ನೋಡಿದಳು. ಪ್ಲಾಸ್ಟಿಕ್ ಎಲ್ಲ ಕಡೆ ಹೊಸದರಂತೆಯೇ ಇತ್ತು. ಜಿಗಿಸುವ ಬಟನ್ನಿನ ಮೇಲೆ ಮಾತ್ರ ಸವೆದು ತೂತು ಬಿದ್ದಿತ್ತು.

ಕೆಂಪವ್ವ ಬಸ್ಸಿಗೆ ಹೋದ ಮೇಲೆ ಆರೀಫ, "ನೀ ಹೇಳಿದ್ದ ಖರೆ ಆತು ಸಾಹಿರಾ. ಈ ಸಲ ಸಣ್ಣದನ್ನ ದುಪ್ಪಟ್ಟ ತರಸೂಣೇನು?" ಎಂದ.

ಸಾಹಿರಾ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಒಂದು ಗಳಿಗೆ ನೋಡಿದಳು.

"ಬ್ಯಾಡ್ರಿ ಭಾಯಿ. ಈಗ ಟಿವಿಗೆ ಹಚ್ಚೂದ ತರಸ್ರಿ. ಸಣ್ಣದನ್ನ ಆಯಿಗೋಳ ಆಡಾಕತ್ತಾರ, ಮನಿಮನಿ ಟಿವಿ ಹುಡುಗೂರ ಕೈಗೆ ಬಂದೈತಿ."

ಹೇಳಿ, ತನ್ನ ಸ್ಟೂಲನ್ನು ತಾನೇ ಎತ್ತಿಕೊಂಡು ಕಟ್ಟೆಯತ್ತ ನಡೆದಳು.